ಎರಡನೇ ನಂಬರಿನ ಹೊಟ್ಟೆ

ಜನ್ನಾಪುರದ ಶೇಷಪ್ಪನವರಿಗೆ ನೀರಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹೊಳೆಯಿಂದ ಕಾರ್ಖಾನೆಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು ಅವರು. ಸಾರು ತೆಳ್ಳಗಾದರೆ ತಟ್ಟೆಯ ಅಂಚು ನೋಡಿಯೇ ಎಷ್ಟು ಲೋಟ ನೀರು ಹೆಚ್ಚಾಗಿದೆ ಎಂದು ಹೇಳಿ ಹೆಂಡತಿ ಕರಿಬಸಮ್ಮನ ಬಾಯಿಗೆ ಸಿಕ್ಕುತ್ತಿದ್ದರು. ಬೀದಿ ನಲ್ಲಿಯಲ್ಲಿ ನೀರಿಗಿಂತ ಮುಂಚೆ ಬರುವ ಗಾಳಿಯ ಸದ್ದು ಕೇಳಿ, "ಇವತ್ತು ನಲವತ್ತು ನಿಮಿಷ" ಎಂದು ಸಾರುತ್ತಿದ್ದರು. ನಲವತ್ತು ನಿಮಿಷ ಬರುತ್ತಿತ್ತೋ ಇಲ್ಲವೋ, ಅವರು ಹೇಳುವ ಧಾಟಿಗೇ ಜನ ಬಿಂದಿಗೆ ಹಿಡಿದು ಓಡುತ್ತಿದ್ದರು.

ಹೀಗಿರುವಾಗ ಎದುರು ಮನೆಯ ಮೆಹಬೂಬ್ ಸಾಬರು ಹೆಂಡತಿ ಕರೀಮಾಬಿಯ ಜೊತೆ ಮೆಕ್ಕಾಕ್ಕೆ ಇಪ್ಪತ್ತು ದಿನದ ಉಮ್ರಾ ಯಾತ್ರೆಗೆ ಹೊರಟರು. ಅವರ ಮನೆಯಲ್ಲಿ ಯಾರದಾದರೂ ವಶಕ್ಕೆ ಕೊಟ್ಟು ಹೋಗಬೇಕಾದದ್ದು ಎಂದರೆ ಗಾಜಿನ ತೊಟ್ಟಿಯೊಳಗಿನ ಎರಡು ಗೋಲ್ಡ್‌ಫಿಶ್ ಮಾತ್ರ. ಮೆಹಬೂಬ್ ಸಾಬರೂ ಅದೇ ಪಂಪ್‌ಹೌಸಿನವರು. ಅಲ್ಲಿ ಇದ್ದದ್ದು ಎರಡು ಪಂಪು. ಆ ಅಭ್ಯಾಸಬಲದಿಂದ ಮೀನುಗಳಿಗೂ ಒಂದನೇ ನಂಬರ್, ಎರಡನೇ ನಂಬರ್ ಎಂದೇ ಹೆಸರಿಟ್ಟಿದ್ದರು. ಒಂದನೇ ನಂಬರಿನ ಬಾಲದ ತುದಿ ಬಿಳಿ. ಅದೊಂದೇ ಗುರುತು.

ಈ ಇಬ್ಬರು ಗೆಳೆಯರು ಇಪ್ಪತ್ತೆರಡು ವರ್ಷ ಒಬ್ಬರಿಂದೊಬ್ಬರು ಪಾಳಿ ವಹಿಸಿಕೊಂಡವರು. ಪಂಪ್‌ಹೌಸಿಗೆ ಒಂದು ಕಟ್ಟಳೆ ಇತ್ತು. ಹೋಗುವವನು ಇದ್ದದ್ದನ್ನು ಇದ್ದಂತೆ ಪುಸ್ತಕದಲ್ಲಿ ಬರೆಯಬೇಕು, ಬಂದವನು ಕಣ್ಣಾರೆ ನೋಡಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ಏನು ಕೆಟ್ಟರೂ ಬಂದವನ ತಲೆಗೆ. ಕೆಟ್ಟದ್ದನ್ನು ಮುಚ್ಚಿಟ್ಟು 'ನಾರ್ಮಲ್' ಎಂದು ಗೀಚಿ ಮನೆಗೆ ಹೋದವನ ಪಕ್ಕದಲ್ಲಿ ಕ್ಯಾಂಟೀನಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಈ ಇಬ್ಬರ ಮೇಲೆ ಅಂಥ ಮಾತು ಒಂದು ದಿನವೂ ಬಂದದ್ದಿಲ್ಲ. ಮೆಹಬೂಬ್ ಸಾಬರಂತೂ ಪಂಪಿನ ಮೇಲೆ ಕಪ್ಪೆ ಕೂತಿದ್ದರೂ ಬರೆಯುವವರು: 'ಕಪ್ಪೆ ಒಂದು. ಶಬ್ದ ಅದರದ್ದು, ಪಂಪಿನದ್ದಲ್ಲ.'

ಹೊರಡುವ ದಿನ ತೊಟ್ಟಿ ಶೇಷಪ್ಪನವರ ನಡುಮನೆಯ ಬೆಂಚಿನ ಮೇಲೆ ಬಂದು ಕೂತಿತು. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕೂ ಬಂತು.

"ನೋಡು, ಎರಡೂ ರನ್ನಿಂಗ್ ಕಂಡೀಷನ್" ಎಂದರು ಮೆಹಬೂಬ್ ಸಾಬರು. "ಬೆಳಗ್ಗೆ ಒಂದು ಚಿಟಿಕೆ ಕಾಳು, ಸಂಜೆ ಒಂದು ಚಿಟಿಕೆ."

"ಎರಡೂ ಒಟ್ಟಿಗೆ ಓಡಿಸ್ತೀಯಾ? ಒಂದನ್ನ ಸ್ಟ್ಯಾಂಡ್‌ಬೈ ಇಡಲ್ವಾ?"

"ಮೀನು ಕಣೋ ಮಾರಾಯ."

"ಅದು ಗೊತ್ತು. ಮಿಷಿನ್ನು ಯಾವುದಾದ್ರೂ ನೀರು ಒಂದೇ ಅಲ್ವಾ? ನೀನು ನೆಮ್ಮದಿಯಾಗಿ ಹೋಗು. ನೀರಲ್ಲಿ ಮೂವತ್ತೆರಡು ವರ್ಷ ಕಳ್ದಿದ್ದೀನಿ."

"ನಾನೂ ಅಲ್ಲೇ ಇದ್ದೆ" ಎಂದರು ಮೆಹಬೂಬ್ ಸಾಬರು.

ಹೊರಗೆ ಕಾರಿನಲ್ಲಿ ಕೂತಿದ್ದ ಕರೀಮಾಬಿ, "ಏನ್ರೀ, ವಿಮಾನದವರು ನಿಮ್ಮ ಮೀನು ಸೈನ್ ಆಗೋ ತನಕ ಕಾಯ್ತಾರಾ?" ಎಂದು ಕೂಗಿದ ಮೇಲೆಯೇ ಸಹಿ ಬಿದ್ದದ್ದು. ಇಬ್ಬರೂ ಕೈ ಕುಲುಕಿದರು. ಪಾಳಿ ಬದಲಾಯಿತು.

ಶೇಷಪ್ಪನವರು ಅಂದಿನಿಂದಲೇ ಗಂಟೆಗೊಂದು ಸಾಲು ಬರೆಯತೊಡಗಿದರು. ನಿದ್ದೆಯ ಹೊತ್ತಿಗೂ ಅಲಾರಾಂ ಇಟ್ಟರು. ಕಾರ್ಖಾನೆಯಿಂದ ಬರುವಾಗ ಯಾರೋ ನೆನಪಿಗೆ ಕೊಟ್ಟಿದ್ದ ಉದ್ದನೆಯ ಗಾಜಿನ ಥರ್ಮಾಮೀಟರು ಅಟ್ಟದಿಂದ ಇಳಿಯಿತು. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಕ್ಲೋರಿನ್ ವಾಸನೆ ಹೋಯಿತೇ ಎಂದು ಮೂಸಿ, ದಿನಕ್ಕೊಂದು ಕೊಡ ಹಳೇ ನೀರು ತೆಗೆದು ಹೊಸದು ತುಂಬಿದರು. ಪುಸ್ತಕದಲ್ಲಿ ಸಾಲುಗಳು ಹೀಗೆ ಬೆಳೆದವು: 'ಬೆಳಗ್ಗೆ 6. ಒಂದನೇ ನಂಬರ್ ರನ್ನಿಂಗ್. ಎರಡನೇ ನಂಬರ್ ರನ್ನಿಂಗ್. ನೀರು 24 ಡಿಗ್ರಿ. ಕಣ್ಣು ಓಪನ್.' ಪಂಪಿಗೆ ಹಸಿರು ದೀಪ ಹೇಗೋ, ಮೀನಿಗೆ ಕಣ್ಣು ಹಾಗೆ ಎಂಬುದು ಅವರ ಲೆಕ್ಕ.

ನಾಲ್ಕನೇ ದಿನ ಪಕ್ಕದ ಮನೆಯ ಪುಷ್ಪಾ ಜರಡಿ ವಾಪಸು ಕೊಡಲು ಬಂದಳು. ಪುಷ್ಪಾ ಓಲ್ಡ್ ಟೌನಿನ ಒಂದು ನರ್ಸಿಂಗ್ ಹೋಮಿನಲ್ಲಿ ಹದಿನೆಂಟು ವರ್ಷದಿಂದ ಆಯಾ. ನಮ್ಮ ಬೀದಿಗೆ ಅವಳೇ ಅರ್ಧ ಡಾಕ್ಟರು. ತೊಟ್ಟಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಒಂದು ಪ್ರಶ್ನೆ ಕೇಳಿದಳು.

"ಅಣ್ಣಾ, ಇವು ಮಲಗೋದು ಯಾವಾಗ?"

ಶೇಷಪ್ಪನವರು ಕನ್ನಡಕ ಹಾಕಿಕೊಂಡು ಪುಸ್ತಕ ತಿರುವಿದರು. ಕಣ್ಣು ಓಪನ್. ಕಣ್ಣು ಓಪನ್. ಕಣ್ಣು ಓಪನ್. ತೊಂಬತ್ತಾರು ಗಂಟೆ, ತೊಂಬತ್ತಾರು ಸಾಲು, ಒಂದು ಸಲವೂ ಕಣ್ಣು ಮುಚ್ಚಿಲ್ಲ! ಅದೂ ಒಂದಲ್ಲ, ಎರಡೂ!

"ನಮ್ಮ ವಾರ್ಡಲ್ಲಿ ಎರಡು ದಿನ ನಿದ್ದೆ ಇಲ್ಲಾಂದ್ರೇ ದೊಡ್ಡ ಡಾಕ್ಟ್ರನ್ನ ಕರೆಸ್ತಾರೆ ಅಣ್ಣಾ" ಎಂದಳು ಪುಷ್ಪಾ. "ಇದು ನಾಲ್ಕು ದಿನ. ಜಾಗ ಬದಲಾಯ್ತಲ್ಲ, ಯೋಚ್ನೆ ಹತ್ಕೊಂಡಿದೆ."

ಶೇಷಪ್ಪನವರು ಅಂದೇ ತೊಟ್ಟಿಗೆ ಪರದೆ ಕಟ್ಟಿದರು. ಟಿವಿ ಬಂದ್. ಕುಕ್ಕರ್ ಕೂಗಿದರೆ ಮೀನಿಗೆ ಎಚ್ಚರವಾಗುತ್ತದೆಂದು ಅನ್ನ ಪಾತ್ರೆಯಲ್ಲಿ ಬೇಯತೊಡಗಿತು. ಕರಿಬಸಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ತೊಟ್ಟಿಗೆ ಮೂರು ಸುತ್ತು ಇಳಿ ತೆಗೆದು, "ಕಣ್ಣು ಮುಚ್ಚದೇ ಇರೋದ್ರ ಮೇಲೆ ಯಾರ ಕಣ್ಣು ಬಿತ್ತೋ!" ಎಂದು ಒಲೆಗೆ ಹಾಕಿದರು. ಮೆಣಸಿನ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು. ಮೀನುಗಳು ಮಾತ್ರ ಕಣ್ಣು ಪಿಳುಕಿಸಲಿಲ್ಲ.

ಎಂಟನೇ ದಿನಕ್ಕೆ ಎರಡನೇ ನಂಬರಿನ ಹೊಟ್ಟೆ ಊದಿತು. ಮೊದಲು ಒಂದೇ ಪಕ್ಕ ಉಬ್ಬಿತು, ಆಮೇಲೆ ಎರಡೂ ಪಕ್ಕ. ತಿನ್ನುವುದು ಕಡಿಮೆಯಾಯಿತು, ತಳದಲ್ಲಿ ನಿಂತು ಉಸಿರೆಳೆಯುವುದು ಜಾಸ್ತಿಯಾಯಿತು. ಪುಷ್ಪಾಳಿಗೆ ಕರೆ ಹೋಯಿತು. ಹದಿನೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಹೆಂಗಸು ಬಗ್ಗಿ, ಆ ಕಡೆ ಈ ಕಡೆ ನೋಡಿ, ಗಾಜಿನ ಮೇಲೆ ಎರಡು ಬೆರಳಿಟ್ಟು ತೀರ್ಪು ಕೊಟ್ಟಳು: "ಗ್ಯಾಸು. ಅನುಮಾನವೇ ಬೇಡ. ಓಮದ ನೀರು ಹಾಕಿ."

"ಹಾಕಲ್ಲ" ಎಂದರು ಶೇಷಪ್ಪನವರು. "ಚಾರ್ಜ್ ಕೊಟ್ಟವನು ಹೇಳದೇ ಇರೋದನ್ನ ಲೈನಿಗೆ ಬಿಡೋ ಹಾಗಿಲ್ಲ."

"ಹಾಗಾದ್ರೆ ಫೋನ್ ಮಾಡಿ ಕೇಳ್ರೀ" ಎಂದರು ಕರಿಬಸಮ್ಮ.

ಇಲ್ಲೇ ನೋಡಿ ಅವರು ಸಿಕ್ಕಿಹಾಕಿಕೊಂಡದ್ದು. ಜೀವಮಾನವಿಡೀ ಆಸೆಪಟ್ಟು ಹೋದವನಿಗೆ, ಅಲ್ಲಿ ಕೈಮುಗಿದು ನಿಂತಿರುವ ಹೊತ್ತಿನಲ್ಲಿ, ನಿನ್ನ ಮೀನಿನ ಹೊಟ್ಟೆ ಊದಿದೆ ಎಂದು ಹೇಳುವುದುಂಟೇ? ಮೆಹಬೂಬ್ ಸಾಬರು ಶುಕ್ರವಾರ ಶುಕ್ರವಾರ ತಾವೇ ಫೋನು ಮಾಡುತ್ತಿದ್ದರು. ಆ ಶುಕ್ರವಾರವೂ ಬಂತು.

"ಹೇಗಿದ್ದಾವಪ್ಪಾ ನನ್ನ ಪಂಪುಗಳು?"

ಶೇಷಪ್ಪನವರು ತೊಟ್ಟಿಗೆ ಬೆನ್ನು ತಿರುಗಿಸಿ ನಿಂತರು. "ನಾರ್ಮಲ್" ಎಂದರು.

ಅವರು ಹುಟ್ಟಿದ ಮೇಲೆ ಹೇಳಿದ ಮೊದಲನೆಯ ಸುಳ್ಳು ನಾರ್ಮಲ್ಲು ಅದು. ಫೋನಿಟ್ಟು ಅರ್ಧ ಗಂಟೆ ಜಗುಲಿಯ ಮೇಲೆ ಕೂತರು. ಕರಿಬಸಮ್ಮ ಕಾಫಿ ತಂದಿಟ್ಟರೆ ಅದರ ಕಡೆ ನೋಡಲೂ ಇಲ್ಲ. ಒಂದು ಮೀನು ಸತ್ತರೆ ಇನ್ನೊಂದು ತರಬಹುದು. ಮೆಹಬೂಬನ ಕಣ್ಣಿನಲ್ಲಿ 'ಶೇಷಪ್ಪನ ಪಾಳಿ' ಎಂಬ ಮಾತಿಗೆ ಇದ್ದ ಬೆಲೆಯನ್ನು ಯಾವ ಅಂಗಡಿಯಿಂದ ತರುವುದು?

ಹತ್ತನೇ ದಿನ ಒಂದನೇ ನಂಬರಿಗೂ ಬಂತು. ಅದರ ಕೆನ್ನೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು. ಅಷ್ಟೇ ಅಲ್ಲ, ಅದು ಬೆಳಗಿನಿಂದ ಎರಡನೇ ನಂಬರಿನ ಬೆನ್ನು ಹತ್ತಿ ತೊಟ್ಟಿ ತುಂಬ ಅಟ್ಟಾಡಿಸುತ್ತಿತ್ತು.

"ಸುಣ್ಣ ಕಟ್ಟಿದೆ" ಎಂದರು ಶೇಷಪ್ಪನವರು. "ಓವರ್‌ಲೋಡು. ಎರಡನ್ನೂ ಒಟ್ಟಿಗೆ ಓಡಿಸ್ಬೇಡ ಅಂತ ಅವತ್ತೇ ಹೇಳ್ದೆ."

"ಸುಣ್ಣವಂತೆ ಸುಣ್ಣ! ನಿಮ್ಮ ತಲೆ! ಅಮ್ಮ ಆಗಿದೆ ಕಣ್ರೀ!" ಎಂದು ಕರಿಬಸಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು.

ಸಿಡುಬು ಬಂದ ಮನೆಯ ಕಟ್ಟುಪಾಡು ಎಲ್ಲರಿಗೂ ಗೊತ್ತು. ಬೇವಿನ ಸೊಪ್ಪು ತೊಟ್ಟಿಯ ನಾಲ್ಕೂ ಮೂಲೆಗೆ ಸಿಕ್ಕಿಕೊಂಡಿತು. ಮನೆಯಲ್ಲಿ ಒಗ್ಗರಣೆ ನಿಂತಿತು. ಬಂದವರು ಚಪ್ಪಲಿ ಬೀದಿಯಲ್ಲೇ ಬಿಟ್ಟು, ಕಾಲು ತೊಳೆದು, ದೂರದಿಂದಲೇ ತೊಟ್ಟಿಗೆ ಕೈಮುಗಿದು ಹೋದರು. ಯಾರೋ ಮೊಸರನ್ನ ತಂದಿಟ್ಟರು. ಶೇಷಪ್ಪನವರು ಒಗ್ಗರಣೆಯಿಲ್ಲದ ಬೇಳೆ ನೀರು ಕಲಸಿ ಎರಡು ಹೊತ್ತು ಉಂಡರು. ಮೂರನೇ ಹೊತ್ತಿಗೆ ಅವರಿಗೆ ಜ್ಞಾನೋದಯವಾಯಿತು.

"ನಾನು ಶಿವಮೊಗ್ಗಕ್ಕೆ ಹೋಗ್ತೀನಿ. ಪ್ರಾಣಿಗಳ ಆಸ್ಪತ್ರೆಗೆ."

"ಅಮ್ಮನ್ನ ಹೊಸ್ತಿಲು ದಾಟಿಸ್ತೀರಾ?"

"ಟಿಕೆಟ್ ತಗೊಂಡೇ ದಾಟಿಸ್ತೀನಿ."

ಹನ್ನೊಂದನೇ ದಿನ ಬೆಳಗ್ಗೆ, ಪೇಂಟಿನ ಡಬ್ಬಿಯನ್ನು ಏಳು ಸಲ ತೊಳೆದು, ಮುಚ್ಚಳಕ್ಕೆ ತೂತು ಹೊಡೆದು, ತೊಟ್ಟಿಯದೇ ನೀರು ತುಂಬಿ, ರೋಗಿಗಳಿಬ್ಬರನ್ನೂ ಅದರೊಳಗಿಳಿಸಿ, ಕಂಕುಳಲ್ಲಿ ಪುಸ್ತಕ ಸಿಕ್ಕಿಸಿಕೊಂಡು ಶೇಷಪ್ಪನವರು ಬಸ್ಸು ಹತ್ತಿದರು. ಡಬ್ಬಿ ತೊಡೆಯ ಮೇಲೆ. ಪಕ್ಕದ ಸೀಟಿನಲ್ಲಿ ಕೂತವರು ಯಾರು ಎನ್ನುತ್ತೀರಿ? ಕರಿಬಸಮ್ಮನ ಖಾಸಾ ಅಣ್ಣ ಏಕಾಂತಪ್ಪನವರು! ಹಣೆ ತುಂಬ ಮೂರು ಬೆರಳು ವಿಭೂತಿ. ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನುಷ್ಯ.

"ಏನು ಶೇಷಪ್ಪನೋರೇ, ಡಬ್ಬೀಲಿ ಏನು?"

"ಮೀನು ಭಾವ."

ಏಕಾಂತಪ್ಪನವರು ಹಿಂದೆ ಮುಂದೆ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಎಷ್ಟು ದಿನದಿಂದ?"

"ಇವತ್ತಿಗೆ ಹನ್ನೊಂದು ದಿನ."

"ಕರಿಬಸಮ್ಮಂಗೆ ಗೊತ್ತಾ?"

"ಗೊತ್ತಿಲ್ದೇ ಏನು? ನಡುಮನೇಲೇ ಇಟ್ಟಿರೋದು. ಮೊದ್ಲು ಎರಡು ದಿನ ಮೂಗು ಮುಚ್ಕೊಂಡು ಓಡಾಡಿದ್ಲು. ಈಗ ಅಭ್ಯಾಸ ಆಗಿದೆ."

"ಶಿವಶಿವಾ! ಬಿಟ್ಟುಬಿಡಕ್ಕೆ ಆಗಲ್ವಾ?"

"ಈಗ ಹೇಗೆ ಬಿಡೋದು ಭಾವ? ಮೆಹಬೂಬಂಗೆ ಮಾತು ಕೊಟ್ಟಿದ್ದೀನಿ. ಸೈನೂ ಹಾಕಿದ್ದೀನಿ."

"ಸೈನ್ ಹಾಕಿಸ್ಕೊಂಡಿದಾನಾ!" ಏಕಾಂತಪ್ಪನವರು ಎದ್ದು ನಿಂತೇಬಿಟ್ಟರು. ಮುಂದಿನ ನಿಲ್ದಾಣದಲ್ಲಿ, ಅವರಿಗೆ ಅಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ, ಇಳಿದುಹೋದರು. ಶೇಷಪ್ಪನವರಿಗೆ ಅದೇನೆಂದು ತಿಳಿಯಲಿಲ್ಲ. ಖಾಲಿಯಾದ ಸೀಟಿನ ಮೇಲೆ ಡಬ್ಬಿಯನ್ನು ಕೂರಿಸಿ, ಮುಚ್ಚಳ ಎತ್ತಿ ನೋಡಿ, ಪುಸ್ತಕದಲ್ಲಿ ಬರೆದರು: 'ಬೆಳಗ್ಗೆ 9. ಚಲಿಸುವ ಬಸ್ಸು. ಎರಡೂ ರನ್ನಿಂಗ್. ಕಣ್ಣು ಓಪನ್.'

ಆಸ್ಪತ್ರೆಯ ಬಾಗಿಲಲ್ಲೇ ಗುಮಾಸ್ತ ರಾಮಚಂದ್ರಪ್ಪ ದೊಡ್ಡ ರಿಜಿಸ್ಟರು ಹರಡಿಕೊಂಡು ಕೂತಿದ್ದರು. ಸಾಲಿನಲ್ಲಿ ಮುಂದೆ ಒಂದು ಮೇಕೆ, ಹಿಂದೆ ಕಾಲಿಗೆ ಪಟ್ಟಿ ಕಟ್ಟಿದ ಒಂದು ನಾಯಿ.

"ಪ್ರಾಣಿ ಯಾವುದು?"

"ಮೀನು. ಎರಡು."

ರಾಮಚಂದ್ರಪ್ಪ ಪೆನ್ನು ಎತ್ತಿ ಹಿಡಿದೇ ಇದ್ದರು. "ನೋಡಿ ಯಜಮಾನ್ರೇ, ದನ ಇದೆ, ಎಮ್ಮೆ ಇದೆ, ಕುರಿ, ಮೇಕೆ, ನಾಯಿ, ಬೆಕ್ಕು, ಕೋಳಿ. ಮೀನಿಗೆ ಕಾಲಂ ಇಲ್ಲ."

"ಕಾಲಂ ಇಲ್ದೇ ಇದ್ರೆ ಕೊನೇಲಿ ರಿಮಾರ್ಕ್ಸ್ ಅಂತ ಇರ್ಬೇಕಲ್ಲ?"

"ಇದೆ. ಆದ್ರೆ ತೂಕ ಬರೀಬೇಕು, ಜ್ವರ ಎಷ್ಟು ಬರೀಬೇಕು, ಎಷ್ಟು ದಿನದಿಂದ ಅಂತ ಬರೀಬೇಕು. ಅದೆಲ್ಲ ನಿಮ್ಮ ಹತ್ರ ಎಲ್ಲಿರುತ್ತೆ?"

ಶೇಷಪ್ಪನವರು ಕಂಕುಳಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಬಿಡಿಸಿದರು.

ರಾಮಚಂದ್ರಪ್ಪ ಒಂದು ಪುಟ ಓದಿದರು. ಇನ್ನೊಂದು ಪುಟ ತಿರುವಿದರು. ಗೆರೆ ಹೊಡೆದದ್ದು ಸ್ಕೇಲಿಟ್ಟು. ಒಂದು ಹೊಡೆದುಹಾಕಿದ ಅಕ್ಷರವಿಲ್ಲ. ಒಂದು ಗಂಟೆ ಖಾಲಿಯಿಲ್ಲ. ಹನ್ನೊಂದು ದಿನ! ಇಪ್ಪತ್ತಾರು ವರ್ಷ ರಿಜಿಸ್ಟರಿನಲ್ಲೇ ಜೀವ ತೇದ ಆ ಮನುಷ್ಯನ ಕಣ್ಣು ಒದ್ದೆಯಾಯಿತು. ಎದ್ದು ನಿಂತು, ತಾನು ಕೂತಿದ್ದ ಕುರ್ಚಿಯನ್ನೇ ಶೇಷಪ್ಪನವರಿಗೆ ಸರಿಸಿದರು.

"ಕೂತ್ಕೊಳಿ ಸಾರ್. ನಿಮ್ಮಂಥೋರು ಬರೀಲಿ ಅಂತ್ಲೇ ರಿಮಾರ್ಕ್ಸ್ ಕಾಲಂ ಇರೋದು." ಮೇಕೆಯವನು ಗೊಣಗಿದ. ರಾಮಚಂದ್ರಪ್ಪ ಅವನ ಕಡೆ ತಿರುಗಿ, "ನಿನ್ನ ಮೇಕೆ ಯಾವಾಗಿಂದ ಮೇವು ಬಿಟ್ಟಿದೆ?" ಎಂದರು. "ಮೊನ್ನೆಯೋ ಆಚೆ ಮೊನ್ನೆಯೋ..." "ಹಾಂ! ಕೇಳಿಸ್ಕೊಂಡ್ರಾ ಸಾರ್? ಮೊನ್ನೆಯೋ ಆಚೆ ಮೊನ್ನೆಯೋ!"

ಡಾಕ್ಟರ್ ಜಗದಾಂಬಾ ನಿಧಾನದ ಹೆಂಗಸು. ಮೊದಲು ಡಬ್ಬಿ ಮುಟ್ಟಲಿಲ್ಲ. ಪುಸ್ತಕ ಓದಿದರು, ಮೊದಲ ಪುಟದಿಂದ ಕೊನೆಯ ಪುಟದವರೆಗೆ. ನಡುನಡುವೆ ತುಟಿ ಕಚ್ಚಿ ನಗು ತಡೆದರು. ಆಮೇಲೆ ಮೀನುಗಳನ್ನು ಒಂದು ಗಾಜಿನ ಪಾತ್ರೆಗೆ ಬಿಟ್ಟು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಶೇಷಪ್ಪನವರ ಎದೆ ಹಳೇ ಪಂಪಿನ ಹಾಗೆ ಬಡಿಯುತ್ತಿತ್ತು.

"ಬದುಕ್ತಾವಾ ಅಮ್ಮಾ? ಒಂಬತ್ತು ದಿನದಲ್ಲಿ ಯಜಮಾನ ಬರ್ತಾನೆ. ನನ್ನ ಪಾಳೀಲಿ ಹೋಗ್ಬಾರ್ದು."

"ಮೊದಲು ನಿದ್ದೆ ವಿಷಯ ಹೇಳ್ತೀನಿ. ಮೀನಿಗೆ ಕಣ್ಣಿನ ರೆಪ್ಪೇನೇ ಇಲ್ಲ ಯಜಮಾನ್ರೇ. ಮಲಗಿದ್ರೂ ಕಣ್ಣು ಹಾಗೇ ಇರುತ್ತೆ."

ಶೇಷಪ್ಪನವರು ತಮ್ಮ ಪುಸ್ತಕದ ಕಡೆ ನೋಡಿದರು. ಇನ್ನೂರ ಅರವತ್ತು ಸಾಲು ಕಣ್ಣು ಓಪನ್!

"ಇಲ್ಲಿ ನೋಡಿ." ಡಾಕ್ಟರು ಭೂತಗನ್ನಡಿ ಅವರ ಕೈಗೆ ಕೊಟ್ಟರು. "ಬಿಳಿ ಚುಕ್ಕೆ ರೋಗ ಅಂತ ಒಂದಿದೆ, ಕೆಟ್ಟದ್ದು. ಅದು ಬಂದ್ರೆ ಬೆನ್ನು, ಬಾಲ, ಎಲ್ಲಾ ಕಡೆ ಉಪ್ಪು ಉದುರಿಸಿದ ಹಾಗೆ ಇರುತ್ತೆ. ಇದಕ್ಕೆ ಎಲ್ಲಿದೆ? ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನ ಮೇಲೆ. ಅಷ್ಟೇ. ಇದು ಕಾಯಿಲೆ ಅಲ್ಲ. ಗಂಡು ಮೀನು ಪ್ರಾಯಕ್ಕೆ ಬಂದಿದೆ ಅನ್ನೋದರ ಗುರುತು. ನಮ್ಮಲ್ಲಿ ಹುಡುಗ್ರಿಗೆ ಮೀಸೆ ಬರಲ್ವಾ, ಹಾಗೆ."

"ಮೀಸೆ!" ಎಂದರು ಶೇಷಪ್ಪನವರು. "ಅದಕ್ಕೆ ನನ್ನ ಹೆಂಡ್ತಿ ಬೇವಿನ ಸೊಪ್ಪು ಕಟ್ಟಿದಾಳೆ."

"ಇನ್ನು ಇವಳು. ನೀರು ತುಂಬ್ಕೊಂಡು ಊದಿದ್ರೆ ಹುರುಪೆ ಎಲ್ಲ ಅನಾನಸ್ ಸಿಪ್ಪೆ ತರ ಎದ್ದು ನಿಲ್ಲುತ್ತೆ. ಇದಕ್ಕೆ ನುಣ್ಣಗೆ ಮಲಗಿದೆ. ಹೊಟ್ಟೆ ತುಂಬ ಮೊಟ್ಟೆ. ಇವತ್ತೋ ನಾಳೆಯೋ ಇಡುತ್ತೆ."

ಶೇಷಪ್ಪನವರು ಕುರ್ಚಿಯ ಕೈ ಹಿಡಿದುಕೊಂಡರು. ಮೆಹಬೂಬ್ ಇಲ್ಲದ ಹೊತ್ತಿನಲ್ಲಿ ಅವನ ಮನೆಯ ಹೆಣ್ಣು ಬಸುರಿಯಾಗಿ ತಮ್ಮ ಮನೆಯಲ್ಲಿ ಹೆರಿಗೆಗೆ ಬಂದಿದೆ. ಇದಕ್ಕೆ ಪಂಪ್‌ಹೌಸಿನ ಪುಸ್ತಕದಲ್ಲಿ ಏನೆಂದು ಬರೆಯುತ್ತಾರೆ?

"ನನ್ನ ಹತ್ರ ಬರೋರೆಲ್ಲ 'ಏನೋ ಆಗಿದೆ ಮೇಡಂ' ಅಂತಾರೆ" ಎಂದರು ಡಾಕ್ಟರು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಡುತ್ತ. "ಯಾವಾಗ, ಎಷ್ಟು, ಮೊದಲು ಯಾವ ಪಕ್ಕ ಅಂತ ಕೇಳಿದ್ರೆ ಒಬ್ರಿಗೂ ಗೊತ್ತಿರಲ್ಲ. ಮೀನು ನೋಡೋಕೆ ಮುಂಚೇನೇ ನಿಮ್ಮ ಪುಸ್ತಕ ನನಗೆ ಮುಕ್ಕಾಲು ಹೇಳಿತ್ತು. ದಿನಾ ಹೊಸ ನೀರು ಕೊಟ್ಟಿದ್ದೀರಲ್ಲ, ಅದಕ್ಕೇ ಇವಕ್ಕೆ ಹುರುಪು ಬಂದಿರೋದು. ಔಷಧಿ ಏನೂ ಬೇಡ. ಮೊಟ್ಟೆ ಇಟ್ಟ ತಕ್ಷಣ ದೊಡ್ಡವೆರಡನ್ನೂ ಬೇರೆ ನೀರಿಗೆ ಹಾಕಿ, ಇಲ್ಲಾಂದ್ರೆ ಮೊಟ್ಟೆ ತಿಂದುಬಿಡ್ತಾವೆ. ಮರಿ ಈಜೋಕೆ ಶುರು ಮಾಡಿದ ಮೇಲೆ, ಬೇಯಿಸಿದ ಕೋಳಿಮೊಟ್ಟೆಯ ಹಳದಿ ಭಾಗಾನ ಬಟ್ಟೇಲಿ ಹಿಂಡಿ, ಒಂದೇ ಒಂದು ತೊಟ್ಟು."

"ಕೋಳಿಮೊಟ್ಟೇನಾ?" ಎಂದು ಕೇಳಿದ ಶೇಷಪ್ಪನವರ ದನಿ ಅವರಿಗೇ ಕೇಳಿಸಲಿಲ್ಲ. ಅವರ ಮನೆಯ ಹೊಸ್ತಿಲನ್ನು ಮೊಟ್ಟೆ ಇದುವರೆಗೆ ದಾಟಿರಲಿಲ್ಲ.

ಹದಿಮೂರನೇ ದಿನ ಬೆಳಗ್ಗೆ ಎರಡನೇ ನಂಬರು ತೊಟ್ಟಿಯ ಪ್ಲಾಸ್ಟಿಕ್ ಗಿಡದ ತುಂಬ ರವೆಯಂಥ ಮೊಟ್ಟೆ ಅಂಟಿಸಿತು. ದೊಡ್ಡವೆರಡೂ ಹಿತ್ತಿಲ ಬಚ್ಚಲಿನ ನೀಲಿ ಟಬ್ಬಿಗೆ ವರ್ಗವಾದವು. ಪುಷ್ಪಾ ಬಂದು ನೋಡಿ, ಸೆರಗು ಬಾಯಿಗೆ ಹಿಡಿದುಕೊಂಡು, "ಈ ಗ್ಯಾಸ್ ವಿಷಯ ನರ್ಸಿಂಗ್ ಹೋಮಲ್ಲಿ ಯಾರಿಗೂ ಹೇಳ್ಬೇಡಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಆ ತಪ್ಪಿಗೆ ದಂಡವೆಂಬಂತೆ ಮೊಟ್ಟೆ ಬೇಯಿಸಿ ಕೊಡುವ ಕೆಲಸವನ್ನು ತಾನೇ ಹೊತ್ತುಕೊಂಡಳು. ನಡುವೆ ಬಂದ ಶುಕ್ರವಾರ, ಮರಿ ಕಣ್ಣಿಗೆ ಕಾಣುವ ಮುಂಚೆ ಬಾಯಿ ಬಿಡಬಾರದೆಂದು ಶೇಷಪ್ಪನವರು ಫೋನಿನಲ್ಲಿ ಮತ್ತೆ 'ನಾರ್ಮಲ್' ಎಂದೇ ಹೇಳಿದರು. ಹದಿನಾರನೇ ದಿನ ಮರಿಯಾಯಿತು. ಹದಿನೆಂಟಕ್ಕೆ ಈಜತೊಡಗಿದವು.

ಆ ಹದಿನೆಂಟನೇ ದಿನವೇ ಏಕಾಂತಪ್ಪನವರು ಇಬ್ಬರು ಹಿರಿಯರನ್ನು ಕರೆದುಕೊಂಡು, ಒಂದು ಗಟ್ಟಿ ವಿಭೂತಿ ಹಿಡಿದುಕೊಂಡು, ಕೆಟ್ಟುಹೋದ ತಂಗಿಯ ಸಂಸಾರವನ್ನು ಸರಿದಾರಿಗೆ ತರಲು ಬಂದರು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಕರಿಬಸಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಿಳಿ ಬಟ್ಟೆಯಲ್ಲಿಟ್ಟು ಹಿಂಡುತ್ತಿದ್ದರು.

"ಕರಿಬಸೂ!" ಎಂದು ಕೂಗಿದ ಏಕಾಂತಪ್ಪನವರ ಕೈಯಿಂದ ವಿಭೂತಿ ಗಟ್ಟಿ ಬಿತ್ತು. "ಮೊಟ್ಟೇಗೂ ಇಳಿದ್ಯಾ!"

"ಮೆತ್ತಗೆ ಮಾತಾಡಣ್ಣ! ಎರಡು ದಿನದ ಕೂಸುಗಳು ಬೆಚ್ಚಿಬೀಳ್ತಾವೆ!" ಎಂದು ಕರಿಬಸಮ್ಮ ಗದರಿದರು. "ನಾವು ಯಾರೂ ತಿನ್ನಲ್ಲ. ಮಕ್ಕಳಿಗೆ."

"ಯಾರ ಮಕ್ಕಳು?"

"ಬಗ್ಗಿ ನೋಡು."

ಏಕಾಂತಪ್ಪನವರು ಬಗ್ಗಿದರು. ಕನ್ನಡಕ ಒರೆಸಿಕೊಂಡು ಇನ್ನಷ್ಟು ಬಗ್ಗಿದರು. ಹಿರಿಯರಿಬ್ಬರೂ ಆಚೆ ಈಚೆಯಿಂದ ಬಗ್ಗಿದರು. ಕೂದಲೆಳೆಯಷ್ಟೇ ಮೈ, ಅದಕ್ಕೊಂದು ಜೊತೆ ಕಣ್ಣು, ಅಷ್ಟೇ ಇರುವ ಜೀವಗಳು ಹಳದಿ ತೊಟ್ಟು ಬಿದ್ದ ಕಡೆಗೆ ತಲೆ ತಿರುಗಿಸಿ ಹೊರಟಿದ್ದವು. ಉಪದೇಶ ಮಾಡಲು ಬಂದ ಮೂವರೂ ಒಂದೂವರೆ ಗಂಟೆ ಅಲ್ಲಿಂದ ಏಳಲಿಲ್ಲ. ಹೊರಡುವಾಗ ಏಕಾಂತಪ್ಪನವರು, "ಬಟ್ಟೆ ಇನ್ನೂ ಸಣ್ಣ ನೇಯ್ಗೇದು ಇರ್ಬೇಕಿತ್ತು. ನಾಳೆ ನನ್ನ ಹಳೇ ಪಂಚೆ ಕಳಿಸ್ತೀನಿ" ಎಂದು ಹೇಳಿ ಹೋದರು.

ಇಪ್ಪತ್ತನೇ ದಿನ ಮಧ್ಯಾಹ್ನ ಯಾತ್ರಿಕರ ಕಾರು ಬೀದಿಗೆ ಬಂತು. ಹೂವಿನ ಹಾರ ಹಿಡಿದು ನೆಂಟರು, ನೆರೆಯವರು, ಓಲ್ಡ್ ಟೌನಿನ ಅಂಗಡಿಯವರು ಎಲ್ಲ ನೆರೆದಿದ್ದರು. ಮೆಹಬೂಬ್ ಸಾಬರು ಒಂದು ಹಾರ ಹಾಕಿಸಿಕೊಂಡು, ಎಲ್ಲರಿಗೂ ಸಲಾಂ ಹೇಳಿ, ತಮ್ಮ ಮನೆಗೂ ಹೋಗದೆ ಸೀದಾ ರಸ್ತೆ ದಾಟಿ ಶೇಷಪ್ಪನವರ ನಡುಮನೆಗೆ ಬಂದರು. ಕಟ್ಟಳೆ ಕಟ್ಟಳೆಯೇ. ಚಾರ್ಜು ತೆಗೆದುಕೊಳ್ಳದೆ ಅವರಿಗೆ ಅನ್ನ ಇಳಿಯುವುದಿಲ್ಲ.

ಶೇಷಪ್ಪನವರು ಈ ಗಳಿಗೆಗಾಗಿ ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದರು. ಗೆಳೆಯನ ಮುಖ ಕಂಡದ್ದೇ ಒಂದೂ ನೆನಪಿಗೆ ಬರಲಿಲ್ಲ. ಅವರಿಗೆ ನೆನಪಾದದ್ದು ಎರಡು ಶುಕ್ರವಾರ ಹೇಳಿದ ಆ ನಾರ್ಮಲ್ಲು. ತಲೆ ತಗ್ಗಿಸಿ ನಿಂತರು. ಇಪ್ಪತ್ತು ದಿನ ನಿದ್ದೆಗೆಟ್ಟು ಅವರ ಕಣ್ಣು ಕೆಂಪಗೆ, ಕೆನ್ನೆ ಗುಳಿ.

ಮೆಹಬೂಬ್ ಸಾಬರು ಅವರನ್ನು ನೋಡಿದರು. ತೊಟ್ಟಿಯನ್ನು ನೋಡಿದರು. ದೂರದಿಂದ ನೋಡುವವರಿಗೆ ಅಲ್ಲಿ ಬರೀ ನೀರು. ಒಂದನೇ ನಂಬರೂ ಇಲ್ಲ, ಎರಡನೇ ನಂಬರೂ ಇಲ್ಲ. ಮೂಲೆಯಲ್ಲಿ ಒಣಗಿದ ಬೇವಿನ ಸೊಪ್ಪು.

ಆಮೇಲೆ ಮೆಹಬೂಬ್ ಸಾಬರು ಬಂದು ಶೇಷಪ್ಪನವರ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ತಪ್ಪಲ್ಲ ಶೇಷಪ್ಪ. ತಪ್ಪು ನಂದು. ನಾನು ಹೊರಡೋ ದಿನಾನೇ ಅವಕ್ಕೆ ಹುಷಾರಿರಲಿಲ್ಲ. ನೋಡಿದ್ದೆ. ಪುಸ್ತಕದಲ್ಲಿ ಬರೀಲಿಲ್ಲ."

ಶೇಷಪ್ಪನವರು ತಲೆಯೆತ್ತಿದರು. ಕಪ್ಪೆಯನ್ನೂ ಬಿಡದೆ ಬರೆದ ಮನುಷ್ಯ ಕಾಯಿಲೆಯನ್ನು ಬರೆಯದೆ ಬಿಟ್ಟನೇ? ಹೊರಗೆ ಹಾರ ಹಿಡಿದು ಅಷ್ಟು ಜನ ಕಾಯುತ್ತಿರುವಾಗ, ಕ್ಯಾಂಟೀನಿನಲ್ಲಿ ಯಾರೂ ಪಕ್ಕ ಕೂರದಂಥ ಆ ತಪ್ಪನ್ನು ಇವನು ತನ್ನ ತಲೆಯ ಮೇಲೆ ತಾನೇ ಎಳೆದುಕೊಳ್ಳುತ್ತಿದ್ದಾನೆ! ಶೇಷಪ್ಪನವರು ರೇಗಿಬಿಟ್ಟರು.

"ಸುಳ್ಳು! ಶುದ್ಧ ಸುಳ್ಳು! ಅವತ್ತು ಎರಡೂ ಗಟ್ಟಿಮುಟ್ಟಾಗಿದ್ವು! ಅಷ್ಟು ದೂರ ಹೋಗಿ ಪುಣ್ಯ ಮಾಡ್ಕೊಂಡು ಬಂದು, ಬಂದ ದಿನಾನೇ ಸುಳ್ಳು ಹೇಳ್ತೀಯಲ್ಲೋ, ನಾಚಿಕೆ ಆಗಲ್ವಾ ನಿನಗೆ?"

"ನೀನು ಶುಕ್ರವಾರ ಶುಕ್ರವಾರ ಹೇಳಿದ್ದೇನಪ್ಪಾ? ನಾರ್ಮಲ್ ಅಂತೆ! ಇಪ್ಪತ್ತೆರಡು ವರ್ಷ ನಿನ್ನ ನಾರ್ಮಲ್ಲು ಕೇಳಿದ್ದೀನಿ. ನಿನ್ನ ದನಿ ಹಾಗಿರೋದಿಲ್ಲ. ಅವತ್ತೇ ಗೊತ್ತಾಯ್ತು. ಅಲ್ಲೇ ದುವಾ ಮಾಡ್ದೆ, ಮೀನಿಗಲ್ಲ, ನಿನಗೆ. ಯಾ ಅಲ್ಲಾ, ಮೀನು ಹೋದ್ರೆ ಹೋಗ್ಲಿ, ಅದರ ಹಿಂದೆ ಈ ಶೇಷಪ್ಪ ಹೋಗದೇ ಇರೋ ಹಾಗೆ ನೋಡ್ಕೋ ಅಂತ."

ಆ ಹೊತ್ತಿಗೆ ಹಿತ್ತಿಲಿನಿಂದ ಕರಿಬಸಮ್ಮ ಮತ್ತು ಪುಷ್ಪಾ ನೀಲಿ ಟಬ್ಬನ್ನು ಹೊತ್ತು ತಂದು ಧೊಪ್ಪನೆ ಇಳಿಸಿದರು. ಒಂದನೇ ನಂಬರು, ಎರಡನೇ ನಂಬರು ಎರಡೂ ಕೊಬ್ಬಿ ತೇಲುತ್ತಿದ್ದವು. "ನಿಮ್ಮ ಜಗಳ ಮುಗೀತಾ?" ಎಂದರು ಕರಿಬಸಮ್ಮ. "ಮುಗಿದಿದ್ರೆ ಆ ತೊಟ್ಟಿ ಹತ್ರ ಹೋಗಿ ನೋಡಿ ಸಾಬರೇ. ನೀವು ಅಜ್ಜ ಆಗಿದ್ದೀರಿ."

ಮೆಹಬೂಬ್ ಸಾಬರು ಹಾರದ ಸಮೇತ ತೊಟ್ಟಿಯ ಮುಂದೆ ಕೂತರು. ಮೂಗು ಗಾಜಿಗೆ ತಾಗಿತು. ಬರೀ ನೀರು ಎಂದುಕೊಂಡದ್ದೆಲ್ಲ ಮಿಸುಕುತ್ತಿತ್ತು. ಗಾಜಿನಿಂದ ಮೂಗು ತೆಗೆಯದೆಯೇ ಕೇಳಿದರು.

"ಎಷ್ಟಿದಾವೋ?"

"ನಿಂತ್ರೆ ತಾನೇ ಎಣಿಸೋದು! ನಾನು ನೂರಾ ಹನ್ನೊಂದು ಅಂತ ಬರ್ದಿದ್ದೀನಿ."

"ನೋಡ್ದೇ ಸೈನ್ ಹಾಕಲ್ಲ. ನೀನು ಆ ಕಡೆಯಿಂದ ಶುರು ಮಾಡು, ನಾನು ಈ ಕಡೆಯಿಂದ."

ಶೇಷಪ್ಪನವರು ಎದುರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಇಬ್ಬರು ಮುದುಕರ ಮುಖಗಳು ನೀರಿನ ಆಚೆ ಈಚೆ ದೊಡ್ಡದಾಗಿ ಕಂಡವು. ಬೆರಳುಗಳು ಗಾಜಿನ ಮೇಲೆ ಮೆಲ್ಲಗೆ ಸರಿದವು. ಹಾರಗಳು ಬಾಡುತ್ತಿವೆ ಎಂದು ಬೀದಿಯಲ್ಲಿದ್ದ ಜನವೆಲ್ಲ ಒಬ್ಬೊಬ್ಬರಾಗಿ ಜಗುಲಿ ಹತ್ತಿ, ಬಾಗಿಲಲ್ಲಿ ತುಂಬಿ, ಕಿಟಕಿಗೆ ಮುಖ ಒತ್ತಿ ನಿಂತರು. ಕರೀಮಾಬಿ ಅವರನ್ನೆಲ್ಲ ಸರಿಸಿಕೊಂಡು ಒಳಗೆ ಬಂದು, "ಏನ್ರೀ ಇದು, ಮೆಕ್ಕಾದಿಂದ ತಂದ ಜಂಜಂ ನೀರು ಹಂಚಬೇಕು, ಖರ್ಜೂರ ಹಂಚಬೇಕು, ಅಷ್ಟು ಜನ..." ಎಂದು ಶುರು ಮಾಡಿದರು.

"ಶ್‌ಶ್!" ಎಂದರು ಇಬ್ಬರೂ ಒಟ್ಟಿಗೆ, ತಲೆ ಎತ್ತದೆ. "ಎಪ್ಪತ್ನಾಲ್ಕು..."